ಹಣವಿದ್ದರೆ ಮನೆ ಸಿಗುವುದೇ?

ವ್ಯಾಸಂಗಕ್ಕಾಗಿಯೋ ಉದ್ಯೋಗಕ್ಕಾಗಿಯೋ ಜರ್ಮನಿಗೆ ತೆರಳುವ ನಮ್ಮ ಯುವಜನರು ವೀಸಾ ದೊರೆತೊಡನೆ ಕಷ್ಟಗಳೆಲ್ಲ ಕಳೆದವೆಂದು ಭಾವಿಸುವುದುಂಟು. ನಿಜವಾದ ಪರೀಕ್ಷೆ ಆರಂಭವಾಗುವುದು ಮ್ಯೂನಿಕ್ ಅಥವಾ ಬರ್ಲಿನ್ ನಗರದಲ್ಲಿ ಬಾಡಿಗೆ ಮನೆ ಹುಡುಕತೊಡಗಿದಾಗ.

ಅಲ್ಲಿನ ಮನೆಯ ಮಾಲೀಕರು ಸಾಮಾನ್ಯವಾಗಿ ಕೇಳುವುದು ಕಳೆದ ಮೂರು ತಿಂಗಳ ವೇತನ ಚೀಟಿ ಮತ್ತು 'ಶುಫಾ' ಸಂಸ್ಥೆಯ ಪತ್ರ. 1927ರಲ್ಲಿ ಹುಟ್ಟಿದ ಈ ಸಂಸ್ಥೆ ಜನರ ಸಾಲ ಹಾಗೂ ಮರುಪಾವತಿಯ ಲೆಕ್ಕವಿಡುತ್ತದೆ. ನಿನ್ನೆ ಬಂದಿಳಿದವನ ಲೆಕ್ಕ ಅದರಲ್ಲಿರುವುದಾದರೂ ಹೇಗೆ? ತಂದೆ ಊರಿನಲ್ಲಿ ಅನುಕೂಲಸ್ಥರಿರಬಹುದು, ಕುವೈತಿನಿಂದ ತಿಂಗಳು ತಿಂಗಳು ಹಣ ಕಳುಹಿಸುತ್ತಿರಬಹುದು. ಬಾಡಿಗೆ ಬಾಕಿಯಾದರೆ ಪರದೇಶದ ಆದಾಯದಿಂದ ಅದನ್ನು ವಸೂಲು ಮಾಡುವುದು ಕಷ್ಟವೆಂದು ಮಾಲೀಕರು ಅಂಜುತ್ತಾರೆ. ಆ ಅಂಜಿಕೆ ನಿರಾಧಾರವೇನಲ್ಲ.

ಇತ್ತ ಕಾನೂನು ಕಾಯುವುದಿಲ್ಲ. ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಲಿಖಿತ ದೃಢೀಕರಣ ಬೇಕು. ನೋಂದಣಿಯಿಲ್ಲದೆ ಮುಂದಿನ ಸರಕಾರಿ ಕೆಲಸಗಳು ಸಾಗವು.

ಈ ಆತಂಕದಲ್ಲಿ ಹೆತ್ತವರು "ವರ್ಷದ ಬಾಡಿಗೆಯನ್ನೇ ಮುಂಗಡ ಕಳುಹಿಸಿಬಿಡೋಣ" ಎನ್ನುತ್ತಾರೆ. ಇದನ್ನು ನಾವು ಒಪ್ಪಲಾರೆವು. ಜರ್ಮನಿಯ ಕಾನೂನಿನಂತೆ ಮನೆಯ ಠೇವಣಿ, ಬಿಸಿ ವ್ಯವಸ್ಥೆ ಮೊದಲಾದ ಖರ್ಚುಗಳನ್ನು ಬಿಟ್ಟು, ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರಬಾರದು. ಅದನ್ನು ಮೂರು ಕಂತುಗಳಲ್ಲಿ ಕಟ್ಟಲು ಬಾಡಿಗೆದಾರನಿಗೆ ಹಕ್ಕಿದೆ. ಮಾಲೀಕನು ಆ ಹಣವನ್ನು ತನ್ನ ಸ್ವಂತ ಹಣದಿಂದ ಬೇರೆಯಾಗಿಯೇ ಇಡಬೇಕು. ಮನೆಯನ್ನು ಕಾಣದೆ, ಕರಾರಿಲ್ಲದೆ ಕಳುಹಿಸಿದ ಮುಂಗಡಕ್ಕೆ ಇಂತಹ ರಕ್ಷಣೆ ಎಲ್ಲಿಯದು? "ನಾನು ಬೇರೆ ದೇಶದಲ್ಲಿದ್ದೇನೆ, ಹಣ ತಲುಪಿದೊಡನೆ ಬೀಗದ ಕೈ ಅಂಚೆಯಲ್ಲಿ ಬರುತ್ತದೆ" ಎನ್ನುವ ವಂಚಕರು ಕಾದಿರುವುದು ಇಂತಹ ಆತುರಗಾರರಿಗಾಗಿಯೇ.

ಹಣಕ್ಕಿಂತ ಮೊದಲು ವಿಶ್ವಾಸಕ್ಕೆ ಆಧಾರ ಒದಗಿಸಬೇಕು. ಕಾಲೇಜು ಪ್ರವೇಶ ದೊರೆತ ದಿನವೇ ವಿದ್ಯಾರ್ಥಿನಿಲಯಕ್ಕೆ ಅರ್ಜಿ ಹಾಕಬೇಕು. ವೀಸಾಕ್ಕಾಗಿ ತೆರೆದ, ತಿಂಗಳಿಗೆ ಇಂತಿಷ್ಟೇ ಹಣ ಬಿಡುಗಡೆಯಾಗುವ ಬ್ಯಾಂಕ್ ಖಾತೆಯ ಪತ್ರವನ್ನು ಮನೆ ಕೇಳುವಾಗ ಮುಂದಿಡಬೇಕು. ಮೊದಲ ಕೆಲವು ತಿಂಗಳಿಗೆ ಒಳಬಾಡಿಗೆಯ ಕೋಣೆಯಾದರೂ ಸಾಕು. ಆದರೆ ನೋಂದಣಿಯ ದೃಢೀಕರಣ ಕೊಡುವರೇ ಎಂದು ಮೊದಲೇ ಕೇಳಿ ತಿಳಿಯಬೇಕು. ಅಲ್ಲಿಯೇ ದುಡಿದು ನೆಲೆಯೂರಿರುವ ನಮ್ಮವರ ಜಾಮೀನು ಪತ್ರಕ್ಕೆ ಪರದೇಶದ ಹಣಕ್ಕಿಲ್ಲದ ತೂಕವಿದೆ. ಹೊಣೆಯರಿತು ಅಂತಹ ನೆರವು ನೀಡುವುದು ಅವರಿಗೆ ಶೋಭೆ.

ಕೊನೆಗೊಂದು ಮಾತು. ಪರದೇಶದಲ್ಲಿ ಬಾಗಿಲು ಮುಚ್ಚಿದಾಗ ನೋಯುವ ನಾವು, ನಮ್ಮೂರಿಗೆ ದುಡಿಯಲು ಬಂದ ಹೊರಗಿನವನಿಗೆ ಜಾತಿ, ಊಟ, ಭಾಷೆ ಕೇಳಿ ಮನೆ ನಿರಾಕರಿಸುವುದಿಲ್ಲವೇ? ಜರ್ಮನಿಯ ಮಾಲೀಕನು ಕೇಳುವ ವೇತನ ಚೀಟಿಯನ್ನು ಇಂದಲ್ಲ ನಾಳೆ ಒದಗಿಸಬಹುದು. ನಾವು ಕೇಳುವ ಪ್ರಶ್ನೆಗಳಿಗೆ ಆ ಬಡಪಾಯಿ ಯಾವ ಕಾಗದ ತಂದಾನು?