ದೋಷ ಬಳಸುವವರದಲ್ಲ

ಲೈಕಾ ಕ್ಯಾಮೆರಾ ಕೊಂಡವರು ಗೊಣಗುವುದು ತಮ್ಮದೇ ಅಜಾಗರೂಕತೆಯಿಂದ, ಜೋಪಾನ ಮಾಡಿದರೆ ಅದು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ಒಪ್ಪಲಾಗದು. 1954ರ ಎಂ3ಗೆ ಆ ಮಾತು ಸಲ್ಲುತ್ತದೆ; ಅದು ಪೂರ್ತಿ ಯಾಂತ್ರಿಕವಾದ ಫಿಲ್ಮ್ ಕ್ಯಾಮೆರಾ. 2009ರಲ್ಲಿ ಬಂದ ಡಿಜಿಟಲ್ ಎಂ9ಗೆ ಹೇಗೆ ಸಲ್ಲೀತು? ಸುಮಾರು 7,000 ಡಾಲರ್ ಬೆಲೆಯ ಆ ಕ್ಯಾಮೆರಾದ ಸೆನ್ಸರ್ ಮೇಲಿನ ರಕ್ಷಣಾ ಗಾಜೇ ತೇವಾಂಶಕ್ಕೆ ಕೆಟ್ಟು, ಚಿತ್ರಗಳಲ್ಲಿ ಕಲೆ ಮೂಡತೊಡಗಿತು. ಇದರಲ್ಲಿ ಬಳಸುವವರ ತಪ್ಪೇನಿದೆ? ಕಂಪನಿಯೇ ದೋಷ ಒಪ್ಪಿ 2014ರಲ್ಲಿ ಉಚಿತವಾಗಿ ಸೆನ್ಸರ್ ಬದಲಿಸಿಕೊಡುವುದಾಗಿ ಹೇಳಿತು. 2017ರಲ್ಲಿ ಐದು ವರ್ಷಕ್ಕಿಂತ ಹಳೆಯ ಕ್ಯಾಮೆರಾಗಳಿಗೆ ಆ ಸೌಲಭ್ಯ ನಿಲ್ಲಿಸಿತು. ಮುಂದೆ ಬದಲಿ ಸೆನ್ಸರ್‌ಗಳ ದಾಸ್ತಾನೇ ಮುಗಿಯಿತು. ಎಂ9ಗೂ ಮುಂಚಿನ, 2006ರ ಎಂ8 ಕಪ್ಪು ಸಿಂಥೆಟಿಕ್ ಬಟ್ಟೆಯನ್ನು ನೇರಳೆಯಾಗಿ ತೋರಿಸುತ್ತಿತ್ತು. ಪರಿಹಾರವೆಂದು ಸಿಕ್ಕಿದ್ದು ಲೆನ್ಸಿನ ಮುಂದೆ ಹಾಕುವ ಎರಡು ಫಿಲ್ಟರ್.

ಈ ಕ್ಯಾಮೆರಾಗಳ ರೇಂಜ್‌ಫೈಂಡರಿನಲ್ಲಿ ಎರಡು ಬಿಂಬಗಳನ್ನು ಕೂಡಿಸಿ ಫೋಕಸ್ ಮಾಡುವ ಸುಖ ನನಗೂ ಗೊತ್ತು. ಆ ಪ್ರೀತಿ ಸುಳ್ಳಲ್ಲ. ಆದರೆ ವರ್ಷಗಟ್ಟಲೆ ಕೂಡಿಟ್ಟ ಹಣ ಸುರಿದವರ ವಿಷಾದವನ್ನು ಅಜಾಗರೂಕತೆ ಎಂದು ಕರೆಯುವುದು ಅನ್ಯಾಯ. ಹಳೆಯ ಎಂ9 ಕೊಳ್ಳಹೊರಟವರೇ, ಸೆನ್ಸರ್ ಬದಲಾಗಿದೆಯೆಂದು ಖಾತ್ರಿಯಾಗದೆ ಹಣ ಕೊಡಬೇಡಿ.