ದೊಡ್ಡಸ್ವಾಮಿಯವರ ಪುಸ್ತಕ ಯಾರದು? (ನಮ್ಮ ಕಡೆ ಕಥೆ, ಭಾಗ 4)

ಫೋಟೋದಲ್ಲಿರೋದು ಶ್ರೀರಂಗಪಟ್ಟಣದ ಅಬ್ಬೆ ದ್ಯುಬುವಾ ಚರ್ಚ್. ನಮ್ಮ ಚಿನಕುರಳಿಯಿಂದ ಪಾಂಡವಪುರದ ಮೇಲೆ ಹೋದ್ರೆ ಬಹಳ ದೂರ ಏನಲ್ಲ. ಗುಂಬಜ್, ದರಿಯಾ ದೌಲತ್ ನೋಡಿಕೊಂಡು ಮಸಾಲೆಪುರಿ ತಿಂದು ವಾಪಸ್ ಬರೋ ಸ್ಕೂಲ್ ಟ್ರಿಪ್‌ಗಳು ಮಾತ್ರ ಇಲ್ಲಿ ನಿಲ್ಲೋದಿಲ್ಲ.

ನಮ್ಮಲ್ಲಿ ಹೈಸ್ಕೂಲ್ ಮಕ್ಕಳಿಗೆ ಭಾನುವಾರದ ಕ್ಲಾಸಲ್ಲಿ ಪ್ರಾಮಾಣಿಕತೆ ಹೇಳಿಕೊಡೋ ರೀತಿ ನಿಮಗೆ ಗೊತ್ತೇ ಇದೆ. ಏಳನೇ ಆಜ್ಞೆ ಕದಿಯಬೇಡ, ಎಂಟನೇ ಆಜ್ಞೆ ಸುಳ್ಳು ಸಾಕ್ಷಿ ಹೇಳಬೇಡ. (ಸಿಎಸ್ಐ ಫ್ರೆಂಡ್ಸ್‌ಗೆ ಇದು ಎಂಟು, ಒಂಬತ್ತು. ಲೆಕ್ಕ ಬೇರೆ, ಮಾತು ಒಂದೇ.) ಆಮೇಲೆ ಒಬ್ಬ ಒಳ್ಳೆಯವನ ಕಥೆ, ಒಬ್ಬ ಕೆಟ್ಟವನ ಕಥೆ. ಮಕ್ಕಳು ತಲೆ ಆಡಿಸ್ತಾರೆ. ಸೋಮವಾರ ಸೀನಿಯರ್‌ದು ರೆಕಾರ್ಡ್ ಬುಕ್ ಪಕ್ಕದಲ್ಲಿಟ್ಟುಕೊಂಡು ಕಾಪಿ ಹೊಡೀತಾರೆ, ಇಲ್ಲಾ ಪ್ರಾಜೆಕ್ಟನ್ನ ಚಾಟ್‌ಜಿಪಿಟಿ ಕೈಲಿ ಬರೆಸಿ ಮೇಲೆ ತಮ್ಮ ಹೆಸರು ಹಾಕ್ತಾರೆ. ಅದು ಕದಿಯೋದು ಅಂತ ಅನ್ನಿಸೋದೇ ಇಲ್ಲ. ಕಥೆಯಲ್ಲಿದ್ದ ಕಳ್ಳ ರಾತ್ರಿ ಗೋಡೆ ಹಾರಿ ಬಂದವನು ತಾನೇ? ಇವರು ಹಗಲಲ್ಲಿ, ಫ್ಯಾನ್ ಕೆಳಗೆ ಕೂತು ಬರೆದವರು.

ನನ್ನ ಅಭಿಪ್ರಾಯ ಇಷ್ಟು: ಈ ಚರ್ಚಿನ ಪಾದ್ರಿಯ ಕಥೆಯನ್ನ ಆ ಮಕ್ಕಳಿಗೆ ಪೂರ್ತಿ ಹೇಳಬೇಕು. ಈಗ ಹೇಳ್ತಿರೋದು ಅರ್ಧ.

ಆ ಅರ್ಧ ಹೀಗಿದೆ. ಅಬ್ಬೆ ದ್ಯುಬುವಾ ಫ್ರಾನ್ಸಿನವರು, 1792ರಲ್ಲಿ ಭಾರತಕ್ಕೆ ಬಂದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಚೆದುರಿ ಹೋಗಿದ್ದ ಕ್ರೈಸ್ತರನ್ನ ಮತ್ತೆ ಒಟ್ಟು ಮಾಡೋಕೆ ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿಯವರ ಥರಾನೇ ಬಟ್ಟೆ ಹಾಕಿದರು, ಇಲ್ಲಿಯವರ ಊಟ ಉಂಡರು. ಗತಿಯಿಲ್ಲದವರಿಗೆ ಬೇಸಾಯದ ಊರು ಕಟ್ಟಿಕೊಟ್ಟರು, ಸಿಡುಬಿನ ಲಸಿಕೆ ಹಾಕಿಸಿದರು. ಜನ ದೊಡ್ಡಸ್ವಾಮಿಯವರು ಅಂತ ಕರೀತಿದ್ರಂತೆ. ಇದೆಲ್ಲ ನಿಜ. ಲಸಿಕೆಯ ಕೆಲಸವೊಂದಕ್ಕೇ ಅವರಿಗೆ ಕೈ ಮುಗೀಬೇಕು.

ಇನ್ನರ್ಧ ಅವರ ಪುಸ್ತಕದ್ದು. ಹಿಂದೂಗಳ ಆಚಾರ, ಪದ್ಧತಿಗಳ ಬಗ್ಗೆ ಫ್ರೆಂಚಿನಲ್ಲಿದ್ದ ಅವರ ಹಸ್ತಪ್ರತಿಯನ್ನ 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ದುಡ್ಡು ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಇಂಗ್ಲಿಷಿನಲ್ಲಿ ಬಂತು. ನೂರಕ್ಕೂ ಹೆಚ್ಚು ವರ್ಷ ಜನ ಅದನ್ನ ಕಣ್ಣಾರೆ ಕಂಡವರ ಮಾತು ಅಂತ ಓದಿದರು. 1987ರಲ್ಲಿ ಸಿಲ್ವಿಯಾ ಮುರ್ ಅನ್ನೋ ಫ್ರೆಂಚ್ ವಿದ್ವಾಂಸೆ ತೋರಿಸಿಕೊಟ್ಟರು: ಅದರ ಬಹುಪಾಲು ಗ್ಯಾಸ್ಟನ್ ಲೊರಾಂ ಕೆರ್ದೂ ಎಂಬ ಜೆಸ್ವಿಟ್ ಪಾದ್ರಿ ಬರೆದಿದ್ದರಿಂದ ತೆಗೆದದ್ದು. ಈ ಕೆರ್ದೂ ಸಾಮಾನ್ಯರಲ್ಲ. ಸಂಸ್ಕೃತಕ್ಕೂ ಲ್ಯಾಟಿನ್, ಗ್ರೀಕಿಗೂ ನಂಟಿದೆ ಅಂತ 1767ರಲ್ಲೇ ಬರೆದವರು, ವಿಲಿಯಂ ಜೋನ್ಸ್‌ಗಿಂತ ಸುಮಾರು 20 ವರ್ಷ ಮೊದಲು. ಆ ಕೀರ್ತಿಯೂ ಅವರಿಗೆ ಸಿಗಲಿಲ್ಲ. 1773ರಲ್ಲಿ ಪೋಪ್ ಜೆಸ್ವಿಟ್ ಸಭೆಯನ್ನೇ ರದ್ದು ಮಾಡಿದರು. 1779ರಲ್ಲಿ ಕೆರ್ದೂ ಪಾಂಡಿಚೇರಿಯಲ್ಲಿ ತೀರಿಹೋದರು. ಹಸ್ತಪ್ರತಿ ಉಳಿಯಿತು, ಅದು ನಮ್ಮವರದು ಅಂತ ಕೇಳೋಕೆ ಯಾರೂ ಇರಲಿಲ್ಲ.

"ಆ ಕಾಲದಲ್ಲಿ ಎಲ್ಲರೂ ಹಾಗೇ ಮಾಡ್ತಿದ್ರು" ಅಂತ ಒಂದು ಸಮಾಧಾನ ಇದೆ. ಸ್ವಲ್ಪ ನಿಜ, ಇವತ್ತಿನ ಕಾಪಿರೈಟ್ ಲೆಕ್ಕ ಆಗ ಇರಲಿಲ್ಲ. ಅವರು ತಮ್ಮ ಅನುಭವವನ್ನೂ ಸೇರಿಸಿದ್ದಾರೆ, ಅದೂ ನಿಜ. ಆದ್ರೆ 1825ರಲ್ಲಿ ಪ್ಯಾರಿಸಿನಲ್ಲಿ ಫ್ರೆಂಚ್ ಆವೃತ್ತಿ ಬಂದಾಗ ಅವರು ಅಲ್ಲೇ ಇದ್ದರು, ಬದುಕಿದ್ದರು, ತಾವೇ ತಿದ್ದಿ ಬೆಳೆಸಿದ್ದರು. ಮುನ್ನುಡಿಯಲ್ಲಿ ಒಂದು ಸಾಲು ಸೇರಿಸೋಕೆ ಜಾಗ ಇತ್ತು. ಪಾಪನಿವೇದನೆಗೆ ಬಂದವನು ಕೋಳಿ ಕದ್ದೆ ಅಂದ್ರೆ ಯಾವ ಪಾದ್ರಿಯಾದ್ರೂ ಮೊದಲು ಹೇಳೋದು "ವಾಪಸ್ ಕೊಡು" ಅಂತಲೇ. ಜಕ್ಕಾಯ ನಾಲ್ಕರಷ್ಟು ಕೊಡ್ತೀನಿ ಅಂದ.

ಕೆರ್ದೂಗೆ ಅನ್ಯಾಯ ಆಗಿದ್ದು ಒಂದು ಕಡೆ. ನಮಗೂ ಆಗಿದೆ. ಆ ಮನುಷ್ಯ ಬರೆದದ್ದು ತೆಲುಗು, ತಮಿಳು ಸೀಮೆಯನ್ನ ನೋಡಿ, 1770ರ ದಶಕದ ಹೊತ್ತಿಗೆ. ದ್ಯುಬುವಾ ಹೆಸರು ಬಿದ್ದ ಮೇಲೆ ಜನ ಅದನ್ನ 1800ರ ಸುಮಾರಿನ ಮೈಸೂರು ಸೀಮೆಯ ಸಾಕ್ಷಿ ಅಂತ ಓದಿದರು. ನಮ್ಮ ಅಜ್ಜಿಯರ ಅಜ್ಜಿಯರು ಹೀಗೆ ಬದುಕ್ತಿದ್ರು ಅಂತ ಅದನ್ನೇ ಎತ್ತಿ ಹೇಳೋರು ಈಗಲೂ ಇದ್ದಾರೆ. ಯಾವ ಸಾಲು ಯಾವ ಊರಿನದು? ಬೇರೆ ಆಲೆಮನೆ ಬೆಲ್ಲಕ್ಕೆ ನಮ್ಮ ಚೀಟಿ ಅಂಟಿಸಿ ಮಂಡ್ಯಕ್ಕೆ ಕಳಿಸಿದ್ರೆ ಕೊಂಡವನು ತಿನ್ನೋದು ಯಾರ ಬೆಲ್ಲ ಅಂತ ಹೇಗೆ ಗೊತ್ತಾಗುತ್ತೆ?

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇದೇ ಮನುಷ್ಯ 1823ರಲ್ಲಿ ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿ ಕುರಿತ ಪತ್ರಗಳನ್ನ ಪ್ರಕಟಿಸಿದರು. ಅದರಲ್ಲಿ ತಮ್ಮ ಲೆಕ್ಕ ತಾವೇ ಬಿಚ್ಚಿಟ್ಟರು: ಇಷ್ಟು ವರ್ಷ ದುಡಿದು ಕ್ರೈಸ್ತರಾಗಿ ಮಾಡಿದ್ದು ಇನ್ನೂರರಿಂದ ಮುನ್ನೂರು ಜನ, ಅವರಲ್ಲೂ ಬಹಳಷ್ಟು ಮಂದಿ ಬಂದದ್ದು ನಂಬಿಕೆಗಾಗಿ ಅಲ್ಲ ಅಂತ. ಮಿಷನ್‌ನವರು ಊರಿಗೆ ಒಳ್ಳೊಳ್ಳೆ ರಿಪೋರ್ಟ್ ಕಳಿಸ್ತಿದ್ದ ಕಾಲ ಅದು. ಜೇಮ್ಸ್ ಹಫ್ ಎಂಬ ಇಂಗ್ಲಿಷ್ ಪಾದ್ರಿ 1824ರಲ್ಲಿ ಒಂದು ಪುಸ್ತಕವನ್ನೇ ಬರೆದು ಅವರನ್ನ ಖಂಡಿಸಿದರು. ಅವರ ತೀರ್ಮಾನ ಒಪ್ಪಿ, ಬಿಡಿ. ತನ್ನ ಸೋಲಿನ ಅಂಕಿಯನ್ನ ಅಷ್ಟು ನೇರವಾಗಿ ಅಚ್ಚು ಹಾಕಿಸೋಕೆ ಎದೆ ಬೇಕು.

ಅಂದ್ರೆ ಲೋಕದ ಎದುರು "ನಾನು ಸೋತೆ" ಅಂದವರ ಬಾಯಿಂದ "ಇದು ನಂದಲ್ಲ, ಕೆರ್ದೂದು" ಅನ್ನೋ ಮಾತು ಬರಲಿಲ್ಲ. ಒಬ್ಬರೇ ಮನುಷ್ಯ. ಹದಿನೈದು ವರ್ಷದ ಹುಡುಗ ಹುಡುಗಿಯರು ಚರ್ಚೆ ಮಾಡಬೇಕಾದ್ದು ಇದನ್ನ. ಮೊದಲನೇದಕ್ಕೆ ಒಂದು ಥರದ ಗೌರವ ಸಿಗುತ್ತೆ, "ಎಷ್ಟು ನೇರ ಮನುಷ್ಯ" ಅಂತಾರೆ. ಎರಡನೇದಕ್ಕೆ ಸಿಗೋದೇನೂ ಇಲ್ಲ, ಹೆಸರು ಕಮ್ಮಿ ಆಗುತ್ತೆ ಅಷ್ಟೇ. ಸತ್ತವನು ಬಂದು ಥ್ಯಾಂಕ್ಸ್ ಕೂಡ ಹೇಳಲ್ಲ.

ಹೀಗೆಲ್ಲ ಹೇಳಿದ್ರೆ ಮಕ್ಕಳ ನಂಬಿಕೆ ಹಾಳಾಗುತ್ತೆ ಅಂತ ದೊಡ್ಡವರು ಹೆದರ್ತಾರೆ. ಫೋನ್ ಇರೋ ಮಕ್ಕಳು ಸ್ವಾಮಿ ಅವರು, ಎರಡು ನಿಮಿಷದಲ್ಲಿ ಹುಡುಕ್ತಾರೆ. ಆಗ ಹಾಳಾಗೋದು ನೂರಾ ಎಪ್ಪತ್ತೈದು ವರ್ಷದ ಹಿಂದೆ ಸತ್ತ ದ್ಯುಬುವಾ ಮೇಲಿನ ನಂಬಿಕೆ ಅಲ್ಲ, ಕ್ಲಾಸ್ ತಗೊಂಡ ನಿಮ್ಮ ಮೇಲಿನದು.

ಭಾನುವಾರ ಕ್ಲಾಸ್ ತಗೊಳ್ಳೋ ಅಕ್ಕ, ಅಣ್ಣಂದಿರು ಇದನ್ನ ಓದ್ತಿದ್ರೆ ಒಂದ್ಸಲ ಮಕ್ಕಳನ್ನ ಈ ಚರ್ಚಿಗೆ ಕರ್ಕೊಂಡು ಹೋಗಿ. ಅಲ್ಲೇ ಕೂರಿಸಿ ಎರಡೂ ಕಥೆ ಹೇಳಿ, ಆಮೇಲೆ 1825ರ ಮುನ್ನುಡಿಗೆ ಆ ಬಿಟ್ಟುಹೋದ ಸಾಲನ್ನ ಅವರ ಕೈಲೇ ಬರೆಸಿ. ಏನು ಬರೆದ್ರು ಅಂತ ನನಗೂ ಕಳಿಸಿ.

#ಚಿನಕುರಳಿ #ಶ್ರೀರಂಗಪಟ್ಟಣ #ಅಬ್ಬೆದ್ಯುಬುವಾ #ನಮ್ಮಕಡೆಕಥೆ