ಮುಳುಗಿದ ಹಡಗಿನ ಮಾದರಿಯನ್ನೇ ಮಾಡಿ

ಮಕ್ಕಳೇ, ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ನೀವು ಹಡಗಿನ ಮಾದರಿಗಳನ್ನು ನೋಡಿರುತ್ತೀರಿ. ಥರ್ಮೊಕೋಲ್ ಕತ್ತರಿಸಿ, ಬಣ್ಣದ ಕಾಗದ ಅಂಟಿಸಿ, ಮೂರು ಕಡ್ಡಿ ನೆಟ್ಟು ಹಾಯಿ ಕಟ್ಟಿರುತ್ತಾರೆ. ಕೆಳಗೆ ನೀಲಿ ಕಾಗದದ ಸಮುದ್ರ. ನೋಡಲು ಬಹಳ ಚೆಂದ. ಎಷ್ಟೋ ಸಲ ಬಹುಮಾನವೂ ಅದಕ್ಕೇ ಬರುತ್ತದೆ. ಆದರೆ "ಈ ಹಡಗು ನಿಜವಾಗಿ ಎಷ್ಟು ಉದ್ದ? ನಿಮ್ಮ ಮಾದರಿ ಅದರ ಎಷ್ಟನೇ ಒಂದು ಭಾಗ? ನೀರಿಗೆ ಬಿಟ್ಟರೆ ನೆಟ್ಟಗೆ ನಿಲ್ಲುತ್ತದೆಯೆ?" ಎಂದು ಕೇಳಿ ನೋಡಿ. ಮಾಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನನ್ನ ಅಭಿಪ್ರಾಯ ಇಷ್ಟೇ. ಸರಿಯೋ ತಪ್ಪೋ ಎಂದು ಪರೀಕ್ಷೆ ಮಾಡಲು ಬರುವಂತಿದ್ದರೆ ಅದು ವಿಜ್ಞಾನದ ಮಾದರಿ. ಬರದಿದ್ದರೆ ಅದು ಗೊಂಬೆ. ಗೊಂಬೆ ಮಾಡುವುದು ಕೆಟ್ಟದ್ದೇನಲ್ಲ, ಅದನ್ನು ಗೊಂಬೆ ಎಂದೇ ಕರೆಯೋಣ. ಮಾದರಿ ಮಾಡುವ ಮನಸ್ಸಿದ್ದರೆ ಮರದಿಂದ ಮಾಡಿ, ಅಳತೆ ಹಿಡಿದು ಮಾಡಿ. ಅದೂ ಗೆದ್ದ ಹಡಗಿನದಲ್ಲ, ಮುಳುಗಿದ ಹಡಗಿನ ಮಾದರಿ ಮಾಡಿ ಎನ್ನುತ್ತೇನೆ ನಾನು.

ಆ ಹಡಗಿನ ಹೆಸರು ವಾಸಾ. ಸ್ವೀಡನ್ ದೇಶದ ದೊರೆ ಗುಸ್ತಾವ್ ಅಡಾಲ್ಫ್ ಕಟ್ಟಿಸಿದ ಯುದ್ಧನೌಕೆ. ಉದ್ದ 69 ಮೀಟರ್, ಅಗಲ ಸುಮಾರು 11.7 ಮೀಟರ್. ತಳದಿಂದ ಅತಿ ಎತ್ತರದ ಕೂವೆಮರದ ತುದಿಯವರೆಗೆ 52 ಮೀಟರ್. ತೂಕ ಸುಮಾರು 1,210 ಟನ್. ಎರಡು ಅಂತಸ್ತುಗಳಲ್ಲಿ ಸಾಲಾಗಿ ತೋಪುಗಳು, ಒಟ್ಟು 64. ಮೂತಿಯಲ್ಲಿ ನೆಗೆಯುತ್ತಿರುವ ಸಿಂಹ. ಮೈತುಂಬ ಸುಮಾರು 700 ಕೆತ್ತನೆಗಳು. ಇಷ್ಟೆಲ್ಲ ವೈಭವದ ಹಡಗು 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಿಂದ ಮೊದಲ ಬಾರಿ ಹೊರಟಿತು. ಸುಮಾರು 1,300 ಮೀಟರ್ ಸಾಗಿರಬಹುದು. ಗಾಳಿ ಬೀಸಿತು, ಹಡಗು ಒಂದು ಮಗ್ಗುಲಿಗೆ ವಾಲಿತು. ತೋಪುಗಳ ಬಾಯಿ ಹೊರಗೆ ಚಾಚಲು ಮಾಡಿದ್ದ ಕಿಂಡಿಗಳು ತೆರೆದೇ ಇದ್ದವು. ಕೆಳಸಾಲಿನ ಕಿಂಡಿಗಳಿಂದ ನೀರು ನುಗ್ಗಿತು. ದಡದಲ್ಲಿ ನಿಂತು ನೋಡುತ್ತಿದ್ದ ಜನರ ಕಣ್ಣೆದುರೇ ವಾಸಾ ಮುಳುಗಿಹೋಯಿತು. ಸುಮಾರು 30 ಜನ ಸತ್ತರು.

ಶತ್ರು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಬಿರುಗಾಳಿಯೂ ಇರಲಿಲ್ಲ. ಹಾಗಾದರೆ ಮುಳುಗಿದ್ದೇಕೆ?

ಹುಲ್ಲು ತುಂಬಿದ ಗಾಡಿಯನ್ನು ನೆನೆಸಿಕೊಳ್ಳಿ. ಎತ್ತರಕ್ಕೆ ಪೇರಿಸಿದ ಹುಲ್ಲಿನ ಗಾಡಿ ಹಳ್ಳದ ದಾರಿಯಲ್ಲಿ ಸ್ವಲ್ಪ ವಾಲಿದರೂ ಉರುಳುತ್ತದೆ. ಅಷ್ಟೇ ತೂಕದ ರಾಗಿ ಮೂಟೆಗಳನ್ನು ತಳದಲ್ಲಿ ಹಾಸಿದ ಗಾಡಿ ಉರುಳುವುದಿಲ್ಲ. ಮೊದಲನೆಯದರಲ್ಲಿ ಗುರುತ್ವ ಕೇಂದ್ರ ಮೇಲಿದೆ, ಎರಡನೆಯದರಲ್ಲಿ ಕೆಳಗಿದೆ. ವಾಸಾ ಹುಲ್ಲಿನ ಗಾಡಿಯಂತಿತ್ತು. ನೀರಿನ ಮೇಲಿನ ಅಂತಸ್ತುಗಳಿಗೆ ಬೇಕಾದದ್ದಕ್ಕಿಂತ ಹೆಚ್ಚು ಮರ ಬಿದ್ದಿತ್ತು. ಜೊತೆಗೆ ಕೆಳಗಿನ ಅಂತಸ್ತಿನಲ್ಲಿದ್ದಷ್ಟೇ ಭಾರದ ತೋಪುಗಳನ್ನು ಮೇಲಿನ ಅಂತಸ್ತಿನಲ್ಲೂ ಇಟ್ಟಿದ್ದರು.

ಇದು ಯಾರಿಗೂ ಗೊತ್ತಿರಲಿಲ್ಲವೆ? ಗೊತ್ತಿತ್ತು! ನನ್ನನ್ನು ಹೆಚ್ಚು ಕಾಡುವುದು ಇದೇ. ಹಡಗು ಹೊರಡುವ ಮುಂಚೆ, ಅದು ಬಂದರಿನಲ್ಲಿ ನಿಂತಿದ್ದಾಗಲೇ ಒಂದು ಪರೀಕ್ಷೆ ನಡೆದಿತ್ತು. 30 ಜನ ನಾವಿಕರು ಹಡಗಿನ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಒಟ್ಟಿಗೆ ಓಡಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ತೊನೆಯಿತೆಂದರೆ, ನೋಡುತ್ತಿದ್ದ ನೌಕಾಧಿಕಾರಿ ಕ್ಲಾಸ್ ಫ್ಲೆಮಿಂಗ್ ಪರೀಕ್ಷೆಯನ್ನೇ ನಿಲ್ಲಿಸಿಬಿಟ್ಟ. ದೊರೆ ಆಗ ಯುದ್ಧಕ್ಕೆಂದು ದೂರದ ಪ್ರಷ್ಯಾದಲ್ಲಿದ್ದ, ಹಡಗು ಬೇಗ ಸಿದ್ಧವಾಗಲಿ ಎಂದು ಪತ್ರ ಬರೆಯುತ್ತಿದ್ದ. ಬೇಡ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಹಡಗು ಕಟ್ಟಲು ಆರಂಭಿಸಿದ ಮುಖ್ಯ ಶಿಲ್ಪಿ ಹೆನ್ರಿಕ್ ಹೈಬರ್ಟ್‌ಸನ್ 1627ರಲ್ಲೇ ತೀರಿಕೊಂಡಿದ್ದ. ಮುಳುಗಿದ ಮೇಲೆ ವಿಚಾರಣೆ ನಡೆಯಿತು, ಶಿಕ್ಷೆ ಯಾರಿಗೂ ಆಗಲಿಲ್ಲ.

ಆ ಕಾಲದ ಹಡಗುಶಿಲ್ಪಿಗಳು ಈಗಿನಂತೆ ನಕ್ಷೆ ಬರೆದು ಕಟ್ಟುತ್ತಿರಲಿಲ್ಲ. ಉದ್ದ ಇಷ್ಟಿದ್ದರೆ ಅಗಲ ಇಷ್ಟಿರಬೇಕು ಎಂಬ ರೂಢಿಯ ಲೆಕ್ಕ, ಉಳಿದದ್ದೆಲ್ಲ ಕಣ್ಣಳತೆ ಮತ್ತು ಅನುಭವ. ಹಡಗು ಎಷ್ಟು ಗಾಳಿಗೆ ಉರುಳುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕುವ ವಿಧಾನ ಇನ್ನೂ ಹುಟ್ಟಿರಲಿಲ್ಲ. ಆದ್ದರಿಂದ ಕಟ್ಟಿದ ಹಡಗೇ ಪ್ರಯೋಗವಾಯಿತು. ತಪ್ಪನ್ನು ಕಂಡುಕೊಳ್ಳಲು 30 ಜೀವಗಳು ಬೇಕಾದವು. ನಿಮ್ಮ ಮಾದರಿ ಬಕೆಟ್ಟಿನಲ್ಲಿ ಮುಳುಗಿದರೆ ನಿಮ್ಮ ಅಂಗಿಯ ತೋಳು ಒದ್ದೆಯಾಗುತ್ತದೆ, ಅಷ್ಟೆ.

ಈಗ ಅಳತೆಗೆ ಬರೋಣ. ನೂರರಲ್ಲಿ ಒಂದು ಎಂಬ ಪ್ರಮಾಣ ಇಟ್ಟುಕೊಳ್ಳಿ. ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಆಗ ಉದ್ದ 69 ಸೆಂ.ಮೀ., ಅಗಲ 11.7 ಸೆಂ.ಮೀ., ಎತ್ತರ 52 ಸೆಂ.ಮೀ. ನಿಜವಾದ ಹಡಗಿನ ತಳ ನೀರಿನಲ್ಲಿ 4.8 ಮೀಟರ್ ಇಳಿದಿತ್ತು, ನಿಮ್ಮದು 4.8 ಸೆಂ.ಮೀ. ಇಳಿಯಬೇಕು. ಇದು ಸುಲಭ.

ತೂಕ ಎಷ್ಟಿರಬೇಕು? ಇಲ್ಲಿ ಹೆಚ್ಚಿನವರು ನೂರರಿಂದ ಭಾಗಿಸಿ 12 ಟನ್ ಎಂದುಬಿಡುತ್ತಾರೆ! ಸ್ವಲ್ಪ ನಿಲ್ಲಿ. ಜೇಡಿಮಣ್ಣಿನಲ್ಲಿ 1 ಸೆಂ.ಮೀ. ಬದಿಯ ಪುಟ್ಟ ಘನಗಳನ್ನು ಮಾಡಿ. 2 ಸೆಂ.ಮೀ. ಬದಿಯ ಘನ ಕಟ್ಟಲು ಅಂಥವು ಎಷ್ಟು ಬೇಕು? ಎರಡಲ್ಲ, ಎಂಟು. ಏಕೆಂದರೆ ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾಗಿವೆ. ಹಾಗೆಯೇ ಮೂರೂ ಅಳತೆ ನೂರರಲ್ಲೊಂದಾದರೆ ತೂಕ ಹತ್ತು ಲಕ್ಷದಲ್ಲಿ ಒಂದಾಗುತ್ತದೆ. 1,210 ಟನ್ ಅಂದರೆ 12,10,000 ಕಿಲೋಗ್ರಾಂ. ಹತ್ತು ಲಕ್ಷದಿಂದ ಭಾಗಿಸಿದರೆ 1.21 ಕಿಲೋಗ್ರಾಂ. ಒಂದು ಟನ್ ತೂಕದ್ದೆಲ್ಲ ನಿಮ್ಮ ಮಾದರಿಯಲ್ಲಿ ಒಂದು ಗ್ರಾಂ. ಎಷ್ಟು ಅನುಕೂಲದ ಲೆಕ್ಕ ನೋಡಿ! ನೂರರ ಪ್ರಮಾಣವನ್ನು ನಾನು ಆರಿಸಿದ್ದೇ ಇದಕ್ಕಾಗಿ.

ಕಟ್ಟುವ ಕೆಲಸ ಒಬ್ಬರದಲ್ಲ. ಏಳೆಂಟು ಜನರ ಗುಂಪು ಬೇಕು, ಕೆಲವು ತಿಂಗಳ ತಾಳ್ಮೆ ಬೇಕು, ಕತ್ತಿ ಗರಗಸ ಹಿಡಿಯುವಾಗ ಹತ್ತಿರದಲ್ಲಿ ಒಬ್ಬ ದೊಡ್ಡವರು ಬೇಕು. ಊರಿನ ಬಡಗಿಯವರನ್ನು ಕೇಳಿ. ಮರದ ಎಳೆ ಯಾವ ಕಡೆ ಓಡುತ್ತದೆ, ಎಲ್ಲಿ ಸೀಳುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಪುಸ್ತಕ ಹೇಳಲಾರದು. ಮೊದಲು ಬೆನ್ನೆಲುಬಿನಂಥ ಅಡಿಮರ. ಅದರ ಮೇಲೆ ಅಡ್ಡಡ್ಡಲಾಗಿ ತೆಳು ಪ್ಲೈವುಡ್ಡಿನಿಂದ ಕತ್ತರಿಸಿದ ಪಕ್ಕೆಲುಬುಗಳು, ಒಂಬತ್ತು ಹತ್ತು ಸಾಕು. ನಡುವಿನವು ಅಗಲ, ಮೂತಿಯ ಕಡೆಗೆ ಹೋದಂತೆ ಕಿರಿದು. ಪಕ್ಕೆಲುಬುಗಳ ಮೇಲೆ ಉದ್ದುದ್ದ ತೆಳು ಹಲಗೆಪಟ್ಟಿಗಳನ್ನು ಅಂಟಿಸುತ್ತ ಹೋಗಬೇಕು. (ವಾಸಾವನ್ನು ಕಟ್ಟಿದವರು ಹಾಲೆಂಡಿನ ಪದ್ಧತಿಯಂತೆ ತಳದ ಹಲಗೆಗಳನ್ನು ಮೊದಲು ಜೋಡಿಸಿ ಪಕ್ಕೆಲುಬುಗಳನ್ನು ಆಮೇಲೆ ಕೂರಿಸಿದ್ದರು. ನಮಗೆ ಆ ಕ್ರಮ ಕಷ್ಟ, ಬಿಡಿ.)

ಹಲಗೆ ಜೋಡಿಸುವಲ್ಲೇ ನಿಜವಾದ ಗಣಿತವಿದೆ. ಎಲ್ಲ ಪಟ್ಟಿಗಳನ್ನೂ ಒಂದೇ ಅಗಲಕ್ಕೆ ಕತ್ತರಿಸಿದಿರೋ, ಮೂತಿಯ ಹತ್ತಿರ ಅವು ಒಂದರ ಮೇಲೊಂದು ಏರುತ್ತವೆ. ಏಕೆ? ನಡುವಿನ ಪಕ್ಕೆಲುಬಿನ ಒಂದು ಬದಿಗೆ ದಾರ ಸುತ್ತಿ ಅಳೆಯಿರಿ. 15 ಸೆಂ.ಮೀ. ಇದೆ ಎನ್ನೋಣ. 30 ಪಟ್ಟಿ ಹಾಕುವುದಾದರೆ ಒಂದೊಂದೂ 5 ಮಿ.ಮೀ. ಮೂತಿಯ ಹತ್ತಿರದ ಪಕ್ಕೆಲುಬು 9 ಸೆಂ.ಮೀ. ಮಾತ್ರ ಇದ್ದರೆ ಅಲ್ಲಿ ಅದೇ ಪಟ್ಟಿ 3 ಮಿ.ಮೀ. ಆಗಬೇಕು. ಹಾಗಾಗಿ ಪ್ರತಿ ಪಟ್ಟಿಯನ್ನೂ ತುದಿಗೆ ಸಣ್ಣದಾಗುವಂತೆ ಹೆರೆಯಬೇಕು. ಬಿಸಿನೀರಿನಲ್ಲಿ ನೆನೆಸಿದರೆ ಪಟ್ಟಿ ಮುರಿಯದೆ ಬಾಗುತ್ತದೆ. ಎಡಕ್ಕೊಂದು ಅಂಟಿಸಿದರೆ ಬಲಕ್ಕೊಂದು ಅಂಟಿಸಿ. ಒಂದೇ ಕಡೆ ಮುಗಿಸಿ ಇನ್ನೊಂದು ಕಡೆಗೆ ಹೋದರೆ ಒಡಲು ತಿರುಚಿಕೊಳ್ಳುತ್ತದೆ.

ಅಳತೆಪಟ್ಟಿಯ ವಿಷಯದಲ್ಲೂ ಒಂದು ಮಾತು. ಎಲ್ಲರೂ ಒಂದೇ ಅಳತೆಪಟ್ಟಿ ಬಳಸಿ. ವಾಸಾದೊಳಗೆ ಕೆಲಸಗಾರರ ನಾಲ್ಕು ಅಳತೆಪಟ್ಟಿಗಳು ಸಿಕ್ಕಿವೆ. ಎರಡರಲ್ಲಿ ಅಡಿಗೆ 12 ಅಂಗುಲದ ಸ್ವೀಡನ್ನಿನ ಲೆಕ್ಕ, ಇನ್ನೆರಡರಲ್ಲಿ ಅಡಿಗೆ 11 ಅಂಗುಲದ ಆಮ್‌ಸ್ಟರ್‌ಡ್ಯಾಮಿನ ಲೆಕ್ಕ! ಹಡಗಿನ ಎಡ ಬಲ ಭಾಗಗಳು ಒಂದೇ ಸಮನಾಗಿಲ್ಲ ಎಂಬುದೂ ಅಳೆದಾಗ ತಿಳಿದುಬಂದಿದೆ.

ಒಳಗೂ ಹೊರಗೂ ಬಣ್ಣವೋ ವಾರ್ನಿಷ್ಷೋ ಬಳಿದು ನೀರು ಸೋರದಂತೆ ಮಾಡಿ. ಇನ್ನು ಒಳಗಿನ ತೂಕ. ವಾಸಾದ ತಳದಲ್ಲಿ ಹಡಗು ನೆಟ್ಟಗೆ ನಿಲ್ಲಲೆಂದು ಸುಮಾರು 120 ಟನ್ ಕಲ್ಲು ತುಂಬಿದ್ದರು. ನೀವು 120 ಗ್ರಾಂ ಜಲ್ಲಿಚೂರು ಹಾಕಿ. 64 ತೋಪುಗಳಲ್ಲಿ 48 ದೊಡ್ಡವು, ಒಂದೊಂದೂ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುವ ಸಣ್ಣ ಮೊಳೆಗಳನ್ನು ಹುಡುಕಿ, ಅಂತಸ್ತಿಗೆ 24ರಂತೆ ಜೋಡಿಸಿ. ಒಟ್ಟು 1.21 ಕಿಲೋಗ್ರಾಂ ಆಗುವಂತೆ ನೋಡಿಕೊಳ್ಳಿ. ತೂಕ ಕಡಮೆ ಬಿದ್ದರೆ ಎಲ್ಲವನ್ನೂ ತಳಕ್ಕೆ ಸುರಿಯಬೇಡಿ, ಮೇಲಿನ ಅಂತಸ್ತುಗಳಿಗೂ ಹಂಚಿ. ಹೊರಗಿನಿಂದ ಇದೊಂದೂ ಕಾಣುವುದಿಲ್ಲ. ಆದರೆ ನೀರಿಗೆ ಅದು ಗೊತ್ತಾಗುತ್ತದೆ.

ಈಗ ದೊಡ್ಡ ಟಬ್ಬಿನಲ್ಲಿ ತೇಲಿಬಿಡಿ. ಒಬ್ಬೊಬ್ಬ ನಾವಿಕ 60 ಕಿಲೋಗ್ರಾಂ ಎಂದರೂ 30 ಜನ 1.8 ಟನ್. ನಿಮ್ಮ ಲೆಕ್ಕದಲ್ಲಿ 1.8 ಗ್ರಾಂ, ಅಂದರೆ ಸುಮಾರು ನಾಲ್ಕು ಕಡಲೆಕಾಯಿ ಬೀಜ. ಆ ನಾಲ್ಕು ಬೀಜಗಳನ್ನು ಎಡ ಅಂಚಿನಲ್ಲಿಡಿ, ಆಮೇಲೆ ಬಲ ಅಂಚಿಗೆ ಇಡಿ. ಎಷ್ಟು ಡಿಗ್ರಿ ವಾಲಿತು? ಕೂವೆಮರಕ್ಕೆ ದಾರದ ತೂಗುಗುಂಡು ಕಟ್ಟಿ, ಹಿಂದೆ ಕೋನಮಾಪಕ ಹಿಡಿದು ಬರೆದುಕೊಳ್ಳಿ. ಅಳತೆಯೂ ತೂಕದ ಹಂಚಿಕೆಯೂ ಸರಿಯಾಗಿದ್ದರೆ ಮಾದರಿ ವಾಲುವ ಕೋನವೂ ದೊಡ್ಡ ಹಡಗು ವಾಲುವ ಕೋನವೂ ಒಂದೇ.

"ಸರ್, ಇನ್ನಷ್ಟು ಕಲ್ಲು ತುಂಬಿದ್ದರೆ ಮುಳುಗುತ್ತಿರಲಿಲ್ಲ ಅಲ್ಲವೆ?" ಎಂದು ನಿಮ್ಮಲ್ಲಿ ಯಾರಾದರೂ ಕೇಳಿಯೇ ಕೇಳುತ್ತೀರಿ. ಒಳ್ಳೆಯ ಪ್ರಶ್ನೆ. ಉತ್ತರ ನಾನು ಹೇಳುವುದಕ್ಕಿಂತ ಇನ್ನೊಂದು ನೂರು ಗ್ರಾಂ ಜಲ್ಲಿ ಹಾಕಿ, ಕೆಳಸಾಲಿನ ಕಿಂಡಿಗಳನ್ನು ನೋಡುತ್ತಿರಿ. ಒಡಲು ಕೆಳಗಿಳಿದಂತೆ ಕಿಂಡಿಗಳು ನೀರಿಗೆ ಹತ್ತಿರವಾಗುತ್ತವೆ. ಒಂದು ಕಡೆ ಸರಿಪಡಿಸಲು ಹೋದರೆ ಇನ್ನೊಂದು ಕಡೆ ಅಪಾಯ.

ಹಾಗಾದರೆ ದಾರಿ ಯಾವುದು? ಹೈಬರ್ಟ್‌ಸನ್ನನ ನಂತರ ಕೆಲಸ ವಹಿಸಿಕೊಂಡ ಹೈನ್ ಯಾಕಬ್‌ಸನ್ ಅದನ್ನು ತೋರಿಸಿದ. ಆತ ವಾಸಾದ ಜೊತೆಯ ಹಡಗು ಎಪ್ಲೆಟ್ ಅನ್ನು ಹೆಚ್ಚು ಅಗಲವಾಗಿ ಕಟ್ಟಿದ. 1629ರಲ್ಲಿ ನೀರಿಗಿಳಿದ ಅದು ಸುಮಾರು 30 ವರ್ಷ ಉಳಿಯಿತು. ಕೊನೆಗೆ ಹಳೆಯದಾಯಿತೆಂದು ಅದನ್ನು ಬೇಕೆಂದೇ ಮುಳುಗಿಸಿದರು. ಸ್ಟಾಕ್‌ಹೋಮಿನ ಸಮೀಪ 2021ರಲ್ಲಿ ಸಿಕ್ಕ ಹಡಗಿನ ಅವಶೇಷ ಎಪ್ಲೆಟ್‌ನದೇ ಎಂದು 2022ರಲ್ಲಿ ಖಚಿತವಾಯಿತು. ನಿಮ್ಮ ಶಾಲೆಯಲ್ಲಿ ಎರಡು ಗುಂಪುಗಳಿದ್ದರೆ ಎರಡನೆಯ ಗುಂಪು ಒಂದು ಸೆಂಟಿಮೀಟರ್ ಹೆಚ್ಚು ಅಗಲದ ಒಡಲು ಕಟ್ಟಲಿ. ಅದೇ ನಾಲ್ಕು ಬೀಜ ಇಟ್ಟು ಎರಡನ್ನೂ ಹೋಲಿಸಿ.

ಗೆದ್ದ ಹಡಗುಗಳೂ ಇವೆ, ನಿಜ. 1805ರ ಟ್ರಫಾಲ್ಗರ್ ಕದನದ 'ವಿಕ್ಟರಿ'ಯ ಮಾದರಿಯನ್ನು ಲೋಕದ ತುಂಬ ಮಾಡುತ್ತಾರೆ. ನಮ್ಮ ಮುಂಬಯಿಯಲ್ಲೇ ವಾಡಿಯಾ ಮನೆತನದ ಶಿಲ್ಪಿ ತೇಗದ ಮರದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಎಂಬ ಹಾಯಿಹಡಗು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಮುಂದೆ ಅವನ್ನೂ ಮಾಡಿ. ಆದರೆ ಗೆದ್ದ ಹಡಗಿನ ಮಾದರಿಗೆ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಅದು ನೋಡಲು ಹೇಗಿತ್ತು? ವಾಸಾ ಹತ್ತು ಪ್ರಶ್ನೆ ಕೇಳಿಸುತ್ತದೆ.

ಕೆತ್ತನೆ, ಬಣ್ಣ, ಹಗ್ಗ ಎಲ್ಲವೂ ಕೊನೆಗೆ. ಬಣ್ಣದಲ್ಲೂ ತಿಳಿಯಬೇಕಾದದ್ದಿದೆ. ಆಂಡರ್ಸ್ ಫ್ರಾಂಜೆನ್ ಎಂಬವರು 1956ರಲ್ಲಿ ಹುಡುಕಿ, 1961ರ ಏಪ್ರಿಲ್ 24ರಂದು ಮೇಲೆತ್ತಿದಾಗ, 333 ವರ್ಷ ನೀರಿನಡಿ ಇದ್ದ ವಾಸಾ ಕಪ್ಪುಗಟ್ಟಿತ್ತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಮೆ, ಹಡಗಿನ ಮರ ಕೊರೆಯುವ ಹುಳು ಅಲ್ಲಿ ಬದುಕುವುದಿಲ್ಲ. ಆದ್ದರಿಂದ ಮರ ಉಳಿದಿತ್ತು, ಬಣ್ಣ ಉಳಿದಿರಲಿಲ್ಲ. ಹಿಂಭಾಗ ನೀಲಿಯಾಗಿತ್ತೆಂದು ಮೊದಲು ಭಾವಿಸಿದ್ದರು. ಆಮೇಲೆ ಮರದಲ್ಲಿ ಉಳಿದ ಬಣ್ಣದ ಕಣಗಳನ್ನು ಪರೀಕ್ಷಿಸಿದಾಗ ಅದು ಕೆಂಪು ಎಂದು ತಿಳಿಯಿತು. ಸ್ಟಾಕ್‌ಹೋಮಿನ ವಾಸಾ ಸಂಗ್ರಹಾಲಯದಲ್ಲಿ ಹತ್ತರಲ್ಲಿ ಒಂದು ಪ್ರಮಾಣದ ದೊಡ್ಡ ಮಾದರಿ ಆ ಕೆಂಪಿನಲ್ಲೇ ನಿಂತಿದೆ.

ಪ್ರದರ್ಶನದ ದಿನ ನಿಮ್ಮ ಮೇಜಿನ ಮೇಲೆ ಮಾದರಿಯ ಪಕ್ಕ ನೀರು ತುಂಬಿದ ಟಬ್ ಇಡಿ. ಕೆತ್ತನೆ ಪೂರ್ತಿ ಆಗದಿದ್ದರೂ ಚಿಂತೆಯಿಲ್ಲ. ತೀರ್ಪುಗಾರರು ಬಂದಾಗ ವಿವರಣೆ ಒಪ್ಪಿಸಲು ಶುರುಮಾಡಬೇಡಿ. ಅವರ ಅಂಗೈಗೆ ನಾಲ್ಕು ಕಡಲೆಕಾಯಿ ಬೀಜ ಕೊಟ್ಟು, "ಸರ್, ಇವರು 30 ಜನ ನಾವಿಕರು, ಇವರನ್ನು ಬಲಗಡೆಗೆ ಓಡಿಸಿ" ಎನ್ನಿ.